ಮೂರು ಮಾರು ವೈರು

ಜುಲೈ 1, 2003. ಮಂಗಳವಾರ, ಮಧ್ಯಾಹ್ನ

ಬೇಳೆ ಬೇಯಲಿಟ್ಟು ಬರೆಯುತ್ತಿದ್ದೇನೆ. ಅಡುಗೆಮನೆ ನೆಲ, ಬೆನ್ನಿಗೆ ಅಕ್ಕಿ ಡಬ್ಬ. ವಸಂತ್ ರೂಮಿನಲ್ಲಿ ಗೊರಕೆ. ಕೆ.ಆರ್. ಪುರದ ಲೋಕೋ ಶೆಡ್ಡಿನಲ್ಲಿ ತಿಂಗಳಿಡೀ ನೈಟ್ ಶಿಫ್ಟ್. ಬೇಕೆಂದೇ ಹಾಕಿಸಿಕೊಂಡದ್ದು — ಅತ್ತೆಯ ಆರ್ಡರ್. ಆಷಾಢವಲ್ಲವೇ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ದೂರ ಇರಬೇಕು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಸೊಸೆ ತವರಿಗೆ ಹೋಗಬೇಕು. ನನಗೆ ತವರು ಎಲ್ಲಿದೆ? ಅಮ್ಮ ಇಲ್ಲ. ಅಪ್ಪ ಇರುವುದು ಅಣ್ಣನ ಒಂದೇ ರೂಮಿನ ಮನೆಯಲ್ಲಿ. ಕರೆಯುವವರಿಲ್ಲ. ಅದಕ್ಕೆ ಅತ್ತೆ ರಾಮಲಕ್ಷ್ಮಮ್ಮ ತಾವೇ ಬ್ಯಾಗು ಕಟ್ಟಿಕೊಂಡು ಹೊಸಕೋಟೆಯ ಮಗಳ ಮನೆಗೆ ಹೊರಟುಬಿಟ್ಟರು.

"ನೀನ್ ಹೋಗಾಕಾಗಲ್ಲ ಅಂದ್ರೆ ನಾನೇ ಹೋಗ್ತೀನಿ ಕಣಮ್ಮ. ಶಾಸ್ತ್ರ ಬಿಡಾಕಾಯ್ತದಾ?"

ಶಾಸ್ತ್ರ ಉಳಿಯಿತು. ಮನೆಯಲ್ಲಿ ಎಚ್ಚರವಾಗಿ ಉಳಿದವರು ಮೂವರು. ನಾನು, ಮಾವ, ಗೋಡೆ ಗಡಿಯಾರ.

ಗಡಿಯಾರವನ್ನು ಸುಮ್ಮನೆ ಸೇರಿಸಲಿಲ್ಲ. ಈ ಮನೆಯಲ್ಲಿ ಮಾವ ಸೊಸೆಯ ಜೊತೆ ನೇರ ಮಾತಾಡುವುದಿಲ್ಲ. ಸೊಸೆ ಮಾವನ ಎದುರು ಕೂರುವುದಿಲ್ಲ. ಹಲಸೂರಿನಲ್ಲಿ ಹೊಲ ಉಳುತ್ತಿದ್ದ ಕಾಲದ ಪದ್ಧತಿ. ಹೊಲ ಹೋಗಿ ಬಾಡಿಗೆ ಮನೆಗಳು ಬಂದವು, ಪದ್ಧತಿ ಹೋಗಲಿಲ್ಲ. ಇಷ್ಟು ದಿನ ನಡುವೆ ಅತ್ತೆ ಇದ್ದರು. ಈಗ ಮಾವ ಗಡಿಯಾರದ ಜೊತೆ ಮಾತಾಡುತ್ತಾರೆ. "ಯಾರಾದ್ರೂ ಒಂದ್ ಲೋಟ ಕಾಫಿ ಕೊಟ್ಟಿದ್ರೆ ಕುಡೀಬೋದಾಗಿತ್ತು." ನಾನು ಕಾಫಿ ತಂದಿಟ್ಟು ಒಳಗೆ ಓಡಿಬರುತ್ತೇನೆ.

ತವರಿನಲ್ಲಿ ನನ್ನನ್ನು ರೇಡಿಯೋ ಅನ್ನುತ್ತಿದ್ದರು. ಇಲ್ಲಿ ಮಾತಿಲ್ಲದೆ ಬಾಯಿ ಒಣಗಿಹೋಗಿದೆ. ಬಂದು ಮೂರು ತಿಂಗಳಾಯಿತು, ನನ್ನ ಹೆಸರನ್ನೇ ಯಾರ ಬಾಯಲ್ಲೂ ಕೇಳಿಲ್ಲ. ಅತ್ತೆಗೆ ನಾನು 'ಏ ಹುಡುಗಿ'. ವಸಂತ್‌ಗೆ 'ಲೇ ಇವಳೇ'. ಮಾವನಿಗೆ 'ಯಾರಾದ್ರೂ'.

ಹಂಸ. ಹಂಸ. ಬರೆದು ನೋಡಿದೆ. ಪರವಾಗಿಲ್ಲ, ಚೆನ್ನಾಗೇ ಇದೆ. ಮೂರನೇ ಸೀಟಿ ಆಯ್ತು...

ಜುಲೈ 4, ಶುಕ್ರವಾರ

ಒಂದು ವಿಚಿತ್ರ.

ಊಟವಾದ ಮೇಲೆ ಮಾವ ವಸಂತ್‌ನ ಪ್ಲೇಸ್ಟೇಷನ್ ಮುಂದೆ ಕೂತಿದ್ದರು. ಶಿವಾಜಿನಗರದ ಗೆಳೆಯ ಅಸ್ಗರನಿಂದ ವಸಂತ್ ಸೆಕೆಂಡ್ ಹ್ಯಾಂಡ್ ತಂದದ್ದು ಅದು. ಒಂದೇ ಜಾಯ್‌ಸ್ಟಿಕ್. ಭಾನುವಾರ ವಸಂತ್ ಆಡುವಾಗ ನಾನು ನೋಡಿದ್ದೇನೆ, ಉಳಿದ ದಿನ ಯಾರೂ ಮುಟ್ಟುವುದಿಲ್ಲ. ಮಾವ ಟಿವಿ ಹಾಕಿ, ಮಗ ಏಳಬಾರದೆಂದು ಸೌಂಡ್ ಪೂರ್ತಿ ಇಳಿಸಿದ್ದಾರೆ. ಕಾರ್ ರೇಸ್. ಉಳಿದ ಕಾರುಗಳೆಲ್ಲ ಹೋಗಿಯಾಗಿದೆ. ಇವರ ಕೆಂಪು ಕಾರು ನಿಂತಲ್ಲೇ ನಿಂತಿದೆ.

ಕೆಮ್ಮಿದರು. ಗಡಿಯಾರ ನೋಡಿದರು.

"ಇದು ಮುಂದಕ್ ಹೋಗೋದ್ ಹೆಂಗೋ ಏನೋ."

ನಾನು ಅಡುಗೆಮನೆ ಬಾಗಿಲ ಪರದೆಯ ಹಿಂದೆ. ಎಷ್ಟು ಹೊತ್ತು ತಡೆದುಕೊಳ್ಳಲಿ? ನಾನೂ ಗಡಿಯಾರಕ್ಕೇ ಹೇಳಿದೆ.

"ಬಲಗಡೆ ಇಂಟು ಗುರುತಿನ ಬಟನ್ ಒತ್ಕೊಂಡಿದ್ರೆ ಹೋಗುತ್ತೆ."

ಕಾರು ಹೋಯಿತು. ನೆಟ್ಟಗೆ ಗೋಡೆಗೆ ಹೋಗಿ ಗುದ್ದಿತು. ಮಾವ ನಕ್ಕರು. ಅವರು ನಗುವುದನ್ನು ನಾನು ಕೇಳಿದ್ದು ಇದೇ ಮೊದಲು.

ಜುಲೈ 7, ಸೋಮವಾರ

ದಿನಾ ಆಡುತ್ತಾರೆ. ರೇಸ್ ಅಲ್ಲ, ಎತ್ತಿನ ಗಾಡಿ ಸ್ಪೀಡು. ಕಡಲಂಚಿನ ರಸ್ತೆ, ತೆಂಗಿನ ಮರ, ಒಂದು ಸುರಂಗ... ಸದ್ದಿಲ್ಲದ ಕಾರು ಸದ್ದಿಲ್ಲದ ಊರಿನಲ್ಲಿ ಹೋಗುತ್ತಿರುತ್ತದೆ. ರೂಮಿನಿಂದ ವಸಂತ್ ಗೊರಕೆ. ನಿಂತಲ್ಲೇ ನನಗೂ ಅರೆನಿದ್ದೆ ಬಂದ ಹಾಗೆ. ಎಲ್ಲಿದ್ದೇನೆ ಎನ್ನುವುದೇ ಮರೆತುಹೋಗುತ್ತದೆ.

ಇವತ್ತು ಅರ್ಧದಲ್ಲಿ ಕಾರನ್ನು ಹಿಂದಕ್ಕೆ ತಿರುಗಿಸಿಬಿಟ್ಟರು. ಟಿವಿ ತುಂಬ ಕೆಂಪು ಅಕ್ಷರ.

"ಏನೋ ಬರ್ಕೊಂಡೈತೆ" ಎಂದರು ಗಡಿಯಾರಕ್ಕೆ.

"ತಪ್ಪು ದಾರಿ ಅಂತ."

"ಇರ್ಲಿ."

ಸುರಂಗ ದಾಟಿ ಸ್ವಲ್ಪ ದೂರ ಹೋದರು. ಎಡಗಡೆ ಒಂದು ಹಳದಿ ಹೊಲ. ರೇಸ್ ಆಡುವವರು ಅದನ್ನು ನೋಡಿರಲಾರರು, ಸುಯ್ಯೆಂದು ಹೋಗಿಬಿಡುತ್ತದೆ. ಮಾವ ಕಾರು ನಿಲ್ಲಿಸಿದರು.

"ಹುಚ್ಚೆಳ್ಳು."

ಆಮೇಲೆ ಶುರು ಮಾಡಿದರು, ಒಂದೇ ಉಸಿರಿಗೆ. "ನೂರಡಿ ರಸ್ತೇಲಿ ಈವಾಗ ಪೆಟ್ರೋಲ್ ಬಂಕ್ ಐತಲ್ಲ, ಅಲ್ಲಿಂದ ಹಿಡ್ದು ಹಿಂಗೇ ಇತ್ತು. ರಾಗಿ ಮಧ್ಯೆ ಮಧ್ಯೆ ಸಾಲು ಬಿಡ್ತಿದ್ವಿ. ಹೂವಾದಾಗ ನಮ್ಮವ್ವ ಕೆಲ್ಸ ಬಿಟ್ಟು ಬದೀನ್ ಮೇಲೆ ಕುಂತ್ಕೊಂಡ್ ನೋಡೋಳು. ಅಪ್ಪ ಬಯ್ಯೋನು." ಮಾವ ಇಷ್ಟು ಮಾತಾಡಬಲ್ಲರು ಎಂದು ಗಡಿಯಾರಕ್ಕೂ ಗೊತ್ತಿರಲಿಕ್ಕಿಲ್ಲ. ಒಲೆಯ ಮೇಲೆ ಹಾಲು ಉಕ್ಕಿಹೋಯಿತು. ಹೋಗಲಿ.

ನನಗೂ ಅಲ್ಲಿ ಹೋಗಿ ನಿಲ್ಲಬೇಕು. ಆ ಕೆಂಪು ಕಾರಿನ ಪಕ್ಕದಲ್ಲಿ ಜಾಗವಿದೆ. ಇಬ್ಬರು ಆಡಿದರೆ ಟಿವಿ ಎರಡು ಭಾಗವಾಗುತ್ತದಂತೆ. ಮೇಲೆ ಒಬ್ಬರು, ಕೆಳಗೆ ಒಬ್ಬರು. ಇನ್ನೊಂದು ಜಾಯ್‌ಸ್ಟಿಕ್ ಇದ್ದಿದ್ದರೆ...

ಜುಲೈ 10, ಗುರುವಾರ. ಬೆಳಿಗ್ಗೆ

ಕೆಲಸದಿಂದ ಬಂದ ವಸಂತ್‌ಗೆ ಕೇಳಿದೆ. ಇಡ್ಲಿ ತಿನ್ನುತ್ತಲೇ ಕಣ್ಣು ಮುಚ್ಚಿಹೋಗುತ್ತಿತ್ತು.

"ರೀ, ಇನ್ನೊಂದು ಜಾಯ್‌ಸ್ಟಿಕ್ ತರೋಣ್ವಾ?"

"ಯಾರಿಗೆ?"

"ನಂಗೆ. ಮಾವನ ಜೊತೆ ಆಡೋಕೆ."

ಒಂದು ಕಣ್ಣು ತೆರೆಯಿತು. "ಅಪ್ಪನ್ ಜೊತೆ? ನೀನು? ಎಲ್ಲಿ ಕೂತ್ಕೊಂಡು?"

"ಕೂರಲ್ಲ. ಪರದೆ ಹಿಂದೆ ನಿಂತ್ಕೊಂಡು."

ಅದೂ ಒಂದು ಉತ್ತರವೇ ಎಂಬ ಹಾಗೆ ತಲೆಯಾಡಿಸಿದರು. "ಅಸ್ಗರ್ ಹತ್ರ ಮೂರು ಥರ ಇರುತ್ತೆ. ಒರಿಜಿನಲ್ ತಗೋ. ಲೋಕಲ್ಲು ಬಟನ್ ಒಳಗೇ ಹೂತೋಗುತ್ತೆ. ವೈರ್‌ಲೆಸ್ ಅಂತೂ ಬೇಡ್ವೇ ಬೇಡ."

"ಯಾಕೆ?"

ಅಷ್ಟರಲ್ಲಿ ಕೂತಲ್ಲೇ ನಿದ್ದೆ.

ಟಿವಿಯಿಂದ ಅಡುಗೆಮನೆ ಬಾಗಿಲವರೆಗೆ ಕೈಚಾಚಿ ಅಳೆದೆ. ಮೂರು ಮಾರು. ಮಾವನ ಕೈಯಲ್ಲಿರುವ ಒರಿಜಿನಲ್ಲಿನ ವೈರು ಅದರಲ್ಲಿ ಅರ್ಧವೂ ಬರುವುದಿಲ್ಲ. ಮತ್ತೆ ನನಗೆ ಇನ್ಯಾವುದು? ವೈರೇ ಇಲ್ಲದಿದ್ದರೆ ಎಷ್ಟು ದೂರವಾದರೂ ಸರಿಯಲ್ಲವೇ? ವಸಂತ್‌ಗೆ ಎಲ್ಲದಕ್ಕೂ ಒಂದು ಕೊಂಕು.

ಜುಲೈ 12, ಶನಿವಾರ

ಜಾಯ್‌ಸ್ಟಿಕ್ ತರಲು ಮಾವನೂ ನಾನೂ ಶಿವಾಜಿನಗರಕ್ಕೆ ಹೋಗಿಬಂದೆವು. 'ಬಂದೆವು' ಎಂದು ಬರೆಯಬಹುದೇ? ಬಸ್ಸಿನಲ್ಲಿ ನಾನು ಮುಂದೆ, ಮಾವ ಹಿಂದೆ. ರಸೆಲ್ ಮಾರ್ಕೆಟ್ಟಿನಲ್ಲಿ ಅವರು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಸೊಪ್ಪಿನವಳ ಹತ್ತಿರ ನಿಂತು ದಂಟಿನ ಕಟ್ಟು ಬಿಚ್ಚಿಸಿ ಮೂಸಿ ನೋಡಿ, ಏನೂ ಕೊಳ್ಳದೆ ಮುಂದೆ ಹೋದರು. ಸೊಪ್ಪು ಬೆಳೆದವರ ಹಟ.

ಅಸ್ಗರನ ಅಂಗಡಿ ಹಿಂದಿನ ಗಲ್ಲಿಯಲ್ಲಿ. ಮೂರನ್ನೂ ಗಾಜಿನ ಮೇಲೆ ಇಟ್ಟ. ಒರಿಜಿನಲ್ ಬೂದು ಬಣ್ಣ, ಕೈಗೆ ತೂಕವಾಗಿ ಕೂರುತ್ತದೆ. ಲೋಕಲ್ಲು ನೀಲಿ, ಗಾಜಿನ ಹಾಗೆ ಒಳಗಿನ ಹಸಿರು ಬೋರ್ಡೆಲ್ಲ ಕಾಣುತ್ತದೆ. ಒತ್ತಿ ನೋಡಿದೆ, ವಸಂತ್ ಹೇಳಿದ್ದು ನಿಜ. ಮೂರನೆಯದು ಕಪ್ಪು. ಬಾಲವೇ ಇಲ್ಲ.

ಮಾವ ಒರಿಜಿನಲ್ ತೆಗೆದುಕೊಂಡರು. ವೈರು ಬಿಚ್ಚಿದರು. ಒಂದು ತುದಿ ಹಿಡಿದು ಎರಡೂ ಕೈ ಚಾಚಿದರು.

"ಯಜಮಾನ್ರೇ, ಅದು ಹಗ್ಗ ಅಲ್ಲ" ಎಂದ ಅಸ್ಗರ್.

"ಒಂದ್ ಮಾರು ಮೇಲೈತೆ. ಸಾಕು. ಇದನ್ನೇ ಕಟ್ಟಪ್ಪ."

ನನಗೆ ಸುರ್ರೆಂದು ಸಿಟ್ಟು ಬಂತು. ಯಾರಿಗೆ ಸಾಕು? ನಾನು ಎಲ್ಲಿ ನಿಲ್ಲುತ್ತೇನೆ ಎಂದು ಇವರಿಗೆ ಗೊತ್ತಿಲ್ಲವೇ? ಇಷ್ಟು ದಿನ ಪರದೆ ಹಿಂದೆ ಮಾತಾಡಿದ್ದು ಯಾರೆಂದುಕೊಂಡಿದ್ದಾರೆ?

"ಅವ್ರಿಗೆ ಹೇಳಿ, ಅಡುಗೆಮನೆ ಬಾಗಿಲಿಗೆ ಮೂರು ಮಾರು ಬೇಕು ಅಂತ" ಎಂದೆ ಅಸ್ಗರನಿಗೆ.

ಅಸ್ಗರ್ ನನ್ನನ್ನು ನೋಡಿದ. ಪಕ್ಕದಲ್ಲೇ ಇದ್ದ ಮಾವನನ್ನು ನೋಡಿದ. "ಕೇಳಿಸ್ತಲ್ಲಾ ಯಜಮಾನ್ರೇ?"

"ಅಡುಗೆಮನೆಗಂಟ ಯಾಕಂತೆ ಕೇಳಪ್ಪ."

"ಯಾಕಂತೆ ಅಕ್ಕಾ?"

"ಅವ್ರಿಗೇ ಗೊತ್ತಿಲ್ವಾ ಕೇಳಿ."

"ಅರೆ! ನಾನೇನ್ ಟೆಲಿಫೋನ್ ಎಕ್ಸ್‌ಚೇಂಜಾ?" ಎಂದು ಅಸ್ಗರ್ ಎರಡೂ ಕೈ ಎತ್ತಿದ. ಆಮೇಲೆ ಕಪ್ಪಿನದನ್ನು ನನ್ನ ಕಡೆ ತಳ್ಳಿದ. "ಇದ್ ತಗೊಳ್ಳಿ ಅಕ್ಕಾ, ವೈರ್ ಜಗಳಾನೇ ಇಲ್ಲ. ಈ ಪುಟ್ಟ ಡಬ್ಬಿ ಪ್ಲೇಸ್ಟೇಷನ್‌ಗೆ ಸಿಕ್ಸಿ ಟಿವಿ ಹತ್ರ ಇಡೋದು, ಸೆಲ್ ಹಾಕೋದು, ಒತ್ತೋದು. ಟಿವಿ ರಿಮೋಟ್ ಥರಾನೇ."

ಮಾವ ವೈರನ್ನು ಮಡಚಿ, ಸೊಪ್ಪಿನ ಕಟ್ಟಿಗೆ ಹಾಕುವ ಹಾಗೆ ತುದಿಯಲ್ಲಿ ಒಂದು ಸುತ್ತು ಹಾಕಿ ಗಾಜಿನ ಮೇಲೆ ಇಟ್ಟರು. "ಅವ್ರಿಗ್ ಯಾವ್ದು ಬೇಕೋ ಅದೇ ಕೊಡು."

ಬಸ್ಸಿನಲ್ಲಿ ಡಬ್ಬ ನನ್ನ ತೊಡೆಯ ಮೇಲೆ. ಗೆದ್ದೆ. ಖುಷಿ ಮಾತ್ರ ಯಾಕೋ ಇಲ್ಲ. ಹಿಂದೆ ತಿರುಗಿ ನೋಡಿದರೆ ಮಾವ ಕಿಟಕಿಯ ಆಚೆ ನೋಡುತ್ತಿದ್ದರು.

ಜುಲೈ 13, ಭಾನುವಾರ

ಕೆಲಸ ಮಾಡುತ್ತಿಲ್ಲ!

ಸೆಲ್ ಹಾಕಿದೆ. ಡಬ್ಬಿ ಟಿವಿ ಹತ್ತಿರ ಇಟ್ಟೆ. ಪರದೆ ಹಿಂದೆ ನಿಂತು ಒತ್ತಿದೆ, ಒತ್ತಿದೆ, ಒತ್ತಿದೆ. ನನ್ನ ನೀಲಿ ಕಾರು ಅಲುಗಲಿಲ್ಲ. ಮೇಲೆ ಮಾವನ ಕಾರು ಸ್ವಲ್ಪ ಹೋಗುತ್ತದೆ, ನಿಲ್ಲುತ್ತದೆ. ಕಾಯುತ್ತದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅಸ್ಗರನ ಮೇಲೆ ಕೆಂಡ ಕಾರಿದೆ, ಮನಸ್ಸಿನಲ್ಲೇ.

ಸಂಜೆ ವಸಂತ್ ಎದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ, ಅದಕ್ಕೇ ಬೇಡ ಅಂದಿದ್ದು! ಅದು ಟಿವಿ ರಿಮೋಟ್ ಥರ. ಪರದೆ ಹಿಂದಿಂದ ಒತ್ತಿದ್ರೆ ಚಾನೆಲ್ ಬದಲಾಗುತ್ತಾ? ಡಬ್ಬಿ ಕಣ್ಣಿಗೆ ನೀನು ಕಾಣ್ಬೇಕು."

ಮೂರು ತಿಂಗಳಿಂದ ಕಾಣದ ಹಾಗೆ ಇರುವುದನ್ನೇ ಕಲಿತವಳು ನಾನು. ಕಾಣಲೇಬೇಕು ಎನ್ನುವುದನ್ನೇ ಆರಿಸಿ ತಂದಿದ್ದೇನೆ.

ಜುಲೈ 14, ಸೋಮವಾರ

ಪರದೆಯಿಂದ ಒಂದು ಕೈ ಮಾತ್ರ ಹೊರಗೆ ಹಾಕಿ ಆಡಿದೆ. ಸಂದಿಯಲ್ಲಿ ಒಂದು ಕಣ್ಣು. ನೀಲಿ ಕಾರು ಸಮುದ್ರದ ಕಡೆಗೇ ಹೋಗುತ್ತದೆ.

ಮಾವ ಗಡಿಯಾರಕ್ಕೆ ಹೇಳಿದರು, "ಬಳೆ ಒಂದೇ ಆಡ್ತಾ ಐತೆ."

ನಗು ತಡೆಯಲು ಸೆರಗು ಕಚ್ಚಿದೆ.

ಜುಲೈ 19, ಶನಿವಾರ

ಬರೆಯಲು ಪುರುಸೊತ್ತೇ ಇಲ್ಲ. ಮಧ್ಯಾಹ್ನಗಳೆಲ್ಲ ಆ ಕಡಲಂಚಿನಲ್ಲೇ ಹೋಗುತ್ತಿವೆ. ಬುಧವಾರ ಪರದೆ ಸರಿಸಿದೆ. ಗುರುವಾರ ಹೊಸ್ತಿಲ ಮೇಲೆ ನಿಂತೆ. ನಿನ್ನೆ ಹೊಸ್ತಿಲ ಈಚೆ, ಗೋಡೆಗೆ ಒರಗಿ. ಮಾವ ತಿರುಗಿ ನೋಡಲಿಲ್ಲ. ನೋಡಿದ್ದರೆ ಒಳಗೆ ಓಡುತ್ತಿದ್ದೆ, ಅದು ಅವರಿಗೂ ಗೊತ್ತಿರಬೇಕು.

ಇವತ್ತು ತಿರುವಿನಲ್ಲಿ ಬ್ರೇಕ್ ಸಿಗಲಿಲ್ಲ. ನೆಟ್ಟಗೆ ಅವರ ಕಾರಿನ ಮೇಲೇ ಹೋದೆ.

"ಅಯ್ಯಯ್ಯೋ, ಗುದ್ದಬ್ಯಾಡಮ್ಮಾ!"

ಗಡಿಯಾರಕ್ಕೆ ಯಾರೂ 'ಅಮ್ಮಾ' ಅನ್ನುವುದಿಲ್ಲ. ಮಾವ ಟಿವಿ ನೋಡುತ್ತಲೇ ಇದ್ದರು, ಕಿವಿ ಕೆಂಪಾಗಿತ್ತು. ನಾನು ಮೆಲ್ಲಗೆ, "ಆಯ್ತು ಮಾವ" ಎಂದೆ.

ರಾತ್ರಿ ಮುದ್ದೆ ತಿರುವುವಾಗಲೂ ಅದೇ. ಗುದ್ದಬ್ಯಾಡಮ್ಮ. ಬೈಗುಳಕ್ಕೆ ಇಷ್ಟು ಹಿಗ್ಗುವವಳು ಈ ಹಲಸೂರಿನಲ್ಲಿ ನಾನೊಬ್ಬಳೇ ಇರಬೇಕು.

ಜುಲೈ 22, ಮಂಗಳವಾರ

ನಿನ್ನೆ ಮಧ್ಯಾಹ್ನ ಪಾತ್ರೆ ತೊಳೆದು ಬಂದರೆ ಹಾಲ್‌ನಲ್ಲಿ ಚಾಪೆ ಹಾಸಿತ್ತು. ಮಾವನ ಕುರ್ಚಿಯ ಪಕ್ಕ, ಒಂದು ಮೊಳ ಬಿಟ್ಟು. ಮಾವ ಗಡಿಯಾರಕ್ಕೆ, "ಚಾಪೆ ಮುಗ್ಗು ವಾಸ್ನೆ ಬರ್ತಿತ್ತು, ಬಿಸಿಲಿಗ್ ಹಾಕಿವ್ನಿ" ಎಂದರು. ಅಲ್ಲಿ ಯಾವ ಕಾಲಕ್ಕೂ ಬಿಸಿಲು ಬರುವುದಿಲ್ಲ. ಆಷಾಢದ ಮೋಡ ಬೇರೆ. ಕಾಲು ನೋಯುತ್ತಿತ್ತು, ಆದರೂ ಕೂರಲಿಲ್ಲ. ನಿಂತೇ ಆಡಿದೆ.

ಇವತ್ತು ಬೆಳಿಗ್ಗೆ ಮಾವ ಸೋಮೇಶ್ವರನ ಗುಡಿಗೆ ಹೋಗಿದ್ದರು. ಕಸ ಗುಡಿಸುವಾಗ ಅವರ ಜಾಯ್‌ಸ್ಟಿಕ್ಕಿನ ವೈರು ಕಾಲಿಗೆ ತೊಡರಿತು. ಎತ್ತಿಡಲು ಹೋದವಳು ಸುಮ್ಮನೆ ಎಳೆದು ನೋಡಿದೆ. ಚಾಪೆಯ ನಡುಮಧ್ಯಕ್ಕೆ ಬಂದು ನಿಂತಿತು. ಒಂದು ಮಾರು, ಮೇಲೆ ಸ್ವಲ್ಪ.

ಅಂಗಡಿಯಲ್ಲಿ ಕೈಚಾಚಿ ಅಳೆದದ್ದು ಇದನ್ನೇ. ಸಾಕು ಎಂದದ್ದು ಇಲ್ಲಿಗೆ. ನಾನು ಒಳಗೇ ಇರಲಿ ಎಂದಲ್ಲ. ಹೊರಗೆ ಬಾ ಎಂದು. ಬಾಯಿಬಿಟ್ಟು ಹೇಳಲು ಇವರಿಗೆ ಪದ್ಧತಿ ಇಲ್ಲ, ವೈರು ಅಳೆದು ಹೇಳಿದರು. ನಾನು ಅಸ್ಗರನ ಎದುರು ಮೂರು ಮಾರಿಗೆ ಜಗಳ ತೆಗೆದೆ.

ಪೊರಕೆ ಹಿಡಿದು ಅದೇ ಚಾಪೆಯ ಮೇಲೆ ಕೂತೆ. ಅಳು ಬಂತು. ಅಳುವಂಥದ್ದು ಏನಿತ್ತು? ಆದರೂ ಬಂತು.

ಮಧ್ಯಾಹ್ನ ಆಡುವಾಗಲೂ ಕೂತೆ. ಮಾವ ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಂಡರು, ನನಗೆ ಟಿವಿ ಪೂರ್ತಿ ಕಾಣಲೆಂದು.

ಜುಲೈ 25, ಶುಕ್ರವಾರ

ಹೊರಗೆ ಸೋನೆ ಮಳೆ. ಒಳಗೆ, ಟಿವಿಯಲ್ಲಿ, ಎಂದೂ ಮುಗಿಯದ ಮಧ್ಯಾಹ್ನ. ಅಲ್ಲಿ ಹೊತ್ತು ಮುಳುಗುವುದೇ ಇಲ್ಲ.

ಕೆಂಪು ಕಾರು, ನೀಲಿ ಕಾರು, ಹಳದಿ ಹೊಲದ ಮುಂದೆ ಅಕ್ಕಪಕ್ಕ. ತಪ್ಪು ದಾರಿ, ತಪ್ಪು ದಾರಿ ಎಂದು ಮಿನುಗುತ್ತಲೇ ಇದೆ, ಇಬ್ಬರಿಗೂ. ಉಳಿದ ಕಾರುಗಳು ಸುತ್ತು ಹಾಕಿ ಬರುತ್ತವೆ, ಹೋಗುತ್ತವೆ. ಕೊನೆಗೆ ಅವೂ ಬರುವುದಿಲ್ಲ. ಹೊಲ ಅಲುಗಾಡುವುದಿಲ್ಲ, ಗಾಳಿ ಇಲ್ಲ. ನೋಡುತ್ತಾ ನೋಡುತ್ತಾ ಅಲುಗಿದ ಹಾಗೆ ಅನ್ನಿಸುತ್ತದೆ. ಹೂವಿನ ವಾಸನೆ ಕೂಡ ಬಂತು. ವಾಸನೆ ಇದೆಯೋ ಇಲ್ಲವೋ, ನಾನು ಹುಚ್ಚೆಳ್ಳಿನ ಹೂವನ್ನೇ ನೋಡಿದವಳಲ್ಲ.

ನಾನು ಮಾತಾಡಿದೆ. ಅಮ್ಮನ ವಿಷಯ. ಭಾನುವಾರ ಮಧ್ಯಾಹ್ನ ಅಮ್ಮ ನನ್ನ ಜೊತೆ ಚೌಕಾಬಾರ ಆಡುತ್ತಾ ಮೋಸ ಮಾಡುತ್ತಿದ್ದದ್ದು. ಸೋತರೆ ಮುನಿಸಿಕೊಂಡು ಮುಸುಕೆಳೆದು ಮಲಗುತ್ತಿದ್ದದ್ದು. ಆಸ್ಪತ್ರೆಯಲ್ಲೂ ಒಂದು ಸಲ ಕವಡೆ ತರಿಸಿಕೊಂಡದ್ದು. ರೇಡಿಯೋ ಶುರುವಾದ ಮೇಲೆ ನಿಲ್ಲಬೇಕಲ್ಲ. ಮಾವ ಟಿವಿ ನೋಡುತ್ತಲೇ ಕೇಳುತ್ತಿದ್ದರು. ಕೊನೆಗೆ, "ಒಳ್ಳೇ ಹೆಣ್ಮಗಳು" ಎಂದರು. ಅಮ್ಮನಿಗೋ ನನಗೋ ಗೊತ್ತಾಗಲಿಲ್ಲ. ಕೇಳಲೂ ಇಲ್ಲ, ಇಬ್ಬರಿಗೂ ಇರಲಿ ಎಂದು.

ಈಗ ಗಡಿಯಾರವನ್ನು ಯಾರೂ ಮಾತಾಡಿಸುವುದಿಲ್ಲ. ಹೆಸರು ಮಾತ್ರ ಇನ್ನೂ ಇಲ್ಲ. 'ನೋಡಮ್ಮ', 'ಅಲ್ಲಮ್ಮ'. ಅಷ್ಟು ಸಾಕು. ಸಾಕು ಎಂದುಕೊಳ್ಳಬೇಕು.

ಜುಲೈ 29, ಮಂಗಳವಾರ

ಭೀಮನ ಅಮಾವಾಸ್ಯೆ. ನೈಟ್ ಶಿಫ್ಟಿನಿಂದ ಬಂದ ಗಂಡನ ಪಾದಪೂಜೆ. ವಸಂತ್ ಕೂತಲ್ಲೇ ತೂಕಡಿಸಿ ಅಕ್ಷತೆ ಚೆಲ್ಲಿದರು.

ಹೊಸಕೋಟೆಯಿಂದ ಫೋನ್. ಆಷಾಢ ಮುಗಿಯಿತು, ಅತ್ತೆ ಗುರುವಾರ ಬರುತ್ತಾರೆ.

ಮಾವ ಫೋನ್ ಇಟ್ಟರು. ಗಡಿಯಾರದ ಕಡೆ ನೋಡಿದರು. ಎಷ್ಟು ದಿನವಾಗಿತ್ತು, ಅದನ್ನು ನೋಡಿ. ಇವತ್ತು ಇಬ್ಬರೂ ಆಡಲಿಲ್ಲ.

ಅತ್ತೆ ಕೆಟ್ಟವರಲ್ಲ. ಆದರೆ ಅವರ ಕಣ್ಣೆದುರು ನಾನು ಚಾಪೆಯ ಮೇಲೆ ಕೂರುವುದು? ಮಾವ ನನ್ನ ಜೊತೆ ಮಾತಾಡುವುದು? ಆಷಾಢದಲ್ಲಿ ಆದದ್ದು ಆಷಾಢಕ್ಕೇ ಮುಗಿಯುತ್ತದೆ. ಭಯವಾಗುತ್ತಿದೆ. ಮತ್ತೆ 'ಯಾರಾದ್ರೂ' ಆಗಲು ನನ್ನಿಂದ ಆಗುವುದಿಲ್ಲ.

ಜುಲೈ 30, ಬುಧವಾರ

ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದೆ. ಕಪ್ಪು ಜಾಯ್‌ಸ್ಟಿಕ್ಕಿನಿಂದ ಸೆಲ್ ತೆಗೆದೆ. ಪರದೆ ಒಗೆದು ಹಾಕಿದೆ. ಮಾವ ನೋಡಿದರು. ನೋಡಿ ಹೊರಗೆ ಹೋದರು.

ಜುಲೈ 31, ಗುರುವಾರ. ಮಧ್ಯಾಹ್ನ

ಅತ್ತೆ ಬೆಳಿಗ್ಗೆ ಬಂದರು. ಒಂದು ಚೀಲ ಹುಣಸೆಹಣ್ಣು, ಒಂದು ಚೀಲ ಸುದ್ದಿ. "ಏ ಹುಡುಗಿ, ಸೊರಗಿದ್ಯಾ ಅಂದ್ಕೊಂಡಿದ್ರೆ ಗುಂಡ್‌ಗುಂಡಗಾಗಿದ್ದೀಯಲ್ಲೇ!" ಟಿವಿ ಹತ್ತಿರ ಹೋಗಿ, "ಇದ್ಯಾಕೆ ಎರಡೆರಡೈತೆ?" ಎಂದರು. ನಾನು ಹುಣಸೆಹಣ್ಣಿನ ಚೀಲ ಎತ್ತಿಕೊಂಡು ಒಳಗೆ ಬಂದೆ.

ಈಗ ಅಕ್ಕಿ ಡಬ್ಬಕ್ಕೆ ಒರಗಿ ಬರೆಯುತ್ತಿದ್ದೇನೆ. ಎದುರಿಗೆ ಒಗೆದ ಪರದೆ. ವಸಂತ್ ಮಲಗಿದ್ದಾರೆ. ಹಾಲ್‌ನಲ್ಲಿ ಅತ್ತೆ ಹೊಸಕೋಟೆಯ ಬೀಗಿತ್ತಿಯ ಕಥೆ ಹೇಳುತ್ತಿದ್ದಾರೆ. ಮಾವ ಹೂಂಗುಟ್ಟುತ್ತಿದ್ದಾರೆ. ಟಿವಿ ಹಾಕಿದ ಸದ್ದು. ಕುರ್ಚಿ ಎಳೆದ ಸದ್ದು.

ಕೆಮ್ಮಿದರು.

"ಯಾರಾದ್ರೂ..."

ಗಡಿಯಾರಕ್ಕೆ. ಮುಗಿಯಿತು. ಒಂದು ತಿಂಗಳು ಕನಸು ಕಂಡೆ ಎಂದುಕೊಳ್ಳುವುದು. ಕಾಫಿಗೆ ನೀರಿಡಬೇಕು.

ಮತ್ತೆ ಕೆಮ್ಮಿದರು.

"ಹಂಸಾ."

ಅತ್ತೆಯ ಕಥೆ ಅರ್ಧಕ್ಕೇ ನಿಂತಿತು. "ಯಾರ್‌ನ ಕರೀತಾ ಇದ್ದೀರಾ?"

"ಮನೇಲ್ ಇನ್ಯಾರ್ ಅವ್ರೆ ಆ ಹೆಸ್ರಲ್ಲಿ? ನೀನ್ ಆ ಚಾಪೆ ಹಾಸು ವಸಿ. ಹಂಸಾ, ಹುಚ್ಚೆಳ್ಳ್ ಹತ್ರ ನಿಂತಿವ್ನಿ. ಬರ್ತೀಯೇನಮ್ಮಾ?"

ಅತ್ತೆಯ ಬಳೆಯ ಸದ್ದು, ಮೂಲೆಯ ಕಡೆಗೆ... ಚಾಪೆ ಬಿಚ್ಚುವ ಸದ್ದು. ನಿಜವಾಗಿಯೂ ಚಾಪೆ ಬಿಚ್ಚುವ ಸದ್ದು.

ಬಂದೆ ಮಾವ ಎಂದು ಕೂಗಿಬಿಟ್ಟೆ. ಗಟ್ಟಿಯಾಗಿ. ರೂಮಿನಲ್ಲಿ ಗೊರಕೆ ನಿಂತಿತು. ನಿಲ್ಲಲಿ. ಸೆಲ್ ಎಲ್ಲಿಟ್ಟೆ? ಒಂದು ಸಾಸಿವೆ ಡಬ್ಬದಲ್ಲಿ ಸಿಕ್ಕಿತು, ಇನ್ನೊಂದು